ತೊಗಲಿನ ಚೆಂಡು, ಬಾಳೂ ಪಳವಣಕರ ಮತ್ತು ನಾವು

ಅಥಣಿಯ ಸಮಗಾರ ಓಣಿಯೊಳಗೆ ಒಂದು ಮುಂಜಾನೆ ಸುಮ್ಮನೆ ಹೋಗಿ ನಿಂತು ನೋಡಿರಿ. ಗಂಡಸರು ಹದ ಮಾಡಿದ ತೊಗಲನ್ನು ಅಳತೆಗೆ ಕೊಯ್ಯುತ್ತಿರುತ್ತಾರೆ. ಹೆಂಗಸರು ಮೇಲಿನ ಪಟ್ಟಿಗೆ ಹೆಣಿಕೆ ಹಾಕುತ್ತಿರುತ್ತಾರೆ. ಅಲ್ಲಿ ತಯಾರಾದ ಕಾಲ್ಮರಿಗಳು ಕೊಲ್ಹಾಪುರಿ ಎಂಬ ಹೆಸರು ಹೊತ್ತು ಮುಂಬಯಿಗೆ ಹೋಗುತ್ತವೆ, ಸಮುದ್ರ ದಾಟಿಯೂ ಹೋಗುತ್ತವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಕೊಟ್ಟರು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಕಡೆಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಅದರಲ್ಲಿ ಸೇರಿವೆ. ಚಪ್ಪಲಿಗೆ ಗುರುತು ಸಿಕ್ಕಿತು, ಒಳ್ಳೆಯದು. ಅದನ್ನು ಹೊಲಿದ ಕೈಗೆ?

ಈ ದೇಶದ ಲೆಕ್ಕವೇ ಹಾಗೆ. ತೊಗಲನ್ನು ಮೆಟ್ಟಬಹುದು, ತೊಗಲು ಹದ ಮಾಡಿದವನನ್ನು ಮುಟ್ಟಬಾರದು. ಹಲಗೆಯ ಸದ್ದು ಗುಡಿಯೊಳಗೆ ಹೋಗಬಹುದು, ಹಲಗೆ ಬಾರಿಸುವವನು ಹೊರಗೇ ನಿಲ್ಲಬೇಕು. ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕಣ್ಣೀರು ಹಾಕಿ ಕೇಳುತ್ತಾರೆ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣಕ್ಕೆ ಬೆಂಕಿ ಬಿತ್ತು. ಚಮ್ಮಾವುಗೆ ಬೇಕು, ಸಂಬಂಧ ಬೇಡ.

ಕ್ರಿಕೆಟ್ ಚೆಂಡೂ ತೊಗಲಿನದೇ. ಆ ಚೆಂಡಿನ ಕಥೆಯನ್ನೇ ನಾವು ಇಲ್ಲಿ ಹೇಳಹೊರಟಿದ್ದೇವೆ.

ನಮ್ಮ ಮನೆಗಳಲ್ಲಿ ಕಾಲೇಜು ಕಟ್ಟೆ ಹತ್ತಿದವರು ನಾವೇ ಮೊದಲು. ನಮ್ಮ ಅಪ್ಪ ಅವ್ವಂದಿರು ಹೆಬ್ಬೆಟ್ಟು ಒತ್ತಿದವರು. ಚಿಕ್ಕಂದಿನಲ್ಲಿ ಕಬ್ಬು ಕಡಿದ ಹೊಲಗಳೇ ನಮಗೆ ಮೈದಾನ. ಊರ ಹುಡುಗರ ಕೈಯಲ್ಲಿ ದಾಂಡು ಇರುತ್ತಿತ್ತು, ಚೆಂಡೂ ಅವರದೇ. ಕೇರಿಯ ಹುಡುಗರಾದ ನಮ್ಮ ಪಾಲಿಗೆ ಬರುತ್ತಿದ್ದುದು ದೂರದ ಬದುವಿನ ಹತ್ತಿರ ನಿಲ್ಲುವ ಕೆಲಸ. "ನೀವು ಓಡಾಕ ಚಲೋ ಅದೀರಿ, ಅಲ್ಲೇ ನಿಂದರ್ರಿ" ಅನ್ನುತ್ತಿದ್ದರು. ನಾವು ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದೆವು. ಚೆಂಡು ಮುಳ್ಳುಕಂಟಿಯೊಳಗೆ ಬಿದ್ದರೆ, ಗಟಾರಕ್ಕೆ ಬಿದ್ದರೆ ನಾವು ತರಬೇಕು. ದೊಡ್ಡವರ ಮನೆಯ ಅಂಗಳಕ್ಕೆ ಬಿದ್ದರೆ ಮಾತ್ರ ನಾವು ಹೋಗಬಾರದು. "ಏ, ಒಳಗ ಬರಬ್ಯಾಡ, ಅಲ್ಲೇ ನಿಂದ್ರ" ಎಂದು ಒಳಗಿನಿಂದ ಮುದುಕಿಯ ದನಿ ಬರುತ್ತಿತ್ತು. ನಮ್ಮ ಕೈಯಿಂದ ಹೋದ ಚೆಂಡು ಅಂಗಳದೊಳಗಿದೆ, ಚೆಂಡನ್ನು ಎಸೆದ ಕೈ ಅಂಗಳದ ಹೊರಗಿದೆ. ಸಂಜೆಯಾಗಿ ಆಟ ಮುಗಿಯುತ್ತಿತ್ತು. ದಾಂಡು ಹಿಡಿಯುವ ನಮ್ಮ ಪಾಳಿ ಬರುತ್ತಲೇ ಇರಲಿಲ್ಲ.

ಇದು ನಮ್ಮೂರಿನ ಹುಡುಗಾಟಿಕೆ ಮಾತ್ರ ಎಂದು ತಿಳಿದಿದ್ದೆವು. ಬಾಳೂ ಪಳವಣಕರರ ಬದುಕನ್ನು ಓದಿದ ಮೇಲೆ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ ಎಂದು ಗೊತ್ತಾಯಿತು.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಮಾರ್ಚ್‌ನಲ್ಲಿ. ಮನೆತನದ ಬೇರು ಕೊಂಕಣದ ಪಳವಣ ಎಂಬ ಹಳ್ಳಿಯದು. ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ಜಾತಿ ಚಮ್ಮಾರ, ಅಂದರೆ ನಮ್ಮ ಕಡೆ ಸಮಗಾರ ಅನ್ನುತ್ತೇವಲ್ಲ, ಅದು. ತಂದೆಗೆ ಸೈನ್ಯದ ನೌಕರಿ. ಆ ಕಾಲದಲ್ಲಿ ಅಸ್ಪೃಶ್ಯರಿಗೆ ಹೊಟ್ಟೆ ತುಂಬ ಅನ್ನ, ಮಕ್ಕಳಿಗೆ ನಾಲ್ಕಕ್ಷರ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಸೈನ್ಯವೂ ಒಂದು. ಬಾಬಾಸಾಹೇಬರ ತಂದೆಯೂ ಸೈನ್ಯದವರೇ ಎಂಬುದನ್ನು ನೆನೆಯಬೇಕು. ಮುಂದೆ ಈ ಕುಟುಂಬ ಪುಣೆಗೆ ಹೋಯಿತು. ಧಾರವಾಡದಿಂದ ಪುಣೆಗೆ ಹೋಗಬೇಕಾದರೆ ನಮ್ಮ ಸೀಮೆಯನ್ನು ದಾಟಿಯೇ ಹೋಗಬೇಕು. ರಸ್ತೆ ಹಿಡಿದರೆ ನಿಪ್ಪಾಣಿ, ರೈಲು ಹಿಡಿದರೆ ರಾಯಬಾಗ. ನಮ್ಮ ಮನೆಯ ಮುಂದೆ ಹಾದುಹೋದವರ ಹೆಸರನ್ನೇ ನಾವು ಕೇಳಿರಲಿಲ್ಲ!

ಪುಣೆಯಲ್ಲಿ ಬಾಳೂ ಮತ್ತು ತಮ್ಮಂದಿರು ಸೈನ್ಯದ ಅಧಿಕಾರಿಗಳು ಎಸೆದ ಹಳೆಯ ದಾಂಡು ಚೆಂಡು ಹಿಡಿದು ಆಟ ಕಲಿತರು. ಮೊದಲ ಕೆಲಸ ಒಂದು ಪಾರ್ಸಿ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಕ್ಲಬ್ಬಿಗೆ ಬಂದರು. ಅಲ್ಲಿ 4 ರೂಪಾಯಿ. ಆಗ ಹುಡುಗನಿಗೆ 16 ವರ್ಷ. ನೆಲ ಹದ ಮಾಡುವುದು, ಬಲೆ ಕಟ್ಟುವುದು, ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕುವುದು. ಕೆಲಸದ ನಡುವೆ ಸಾಹೇಬರು ದಾಂಡು ಬೀಸುವ ಅಭ್ಯಾಸ ಮಾಡುವಾಗ ಇವರು ಎಡಗೈಯಿಂದ ಚೆಂಡು ಎಸೆಯತೊಡಗಿದರು. ಆ ಚೆಂಡು ನೆಲ ಮುಟ್ಟಿದ ಮೇಲೆ ಯಾವ ಕಡೆ ಹೊರಳುತ್ತದೆ ಎಂಬುದು ಆಡುವವರಿಗೆ ತಿಳಿಯದಾಯಿತು. ಗ್ರೆಗ್ ಎಂಬ ಇಂಗ್ಲಿಷ್ ಅಧಿಕಾರಿ ಆಗ ಭಾರತದಲ್ಲಿದ್ದ ದೊಡ್ಡ ಆಟಗಾರ. ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂಗೆ ಎಂಟಾಣೆ ಕೊಡುತ್ತಿದ್ದನೆಂಬ ಮಾತು ಇಂದಿಗೂ ಉಳಿದಿದೆ.

ಎಂಟಾಣೆ ಸಣ್ಣ ಮಾತಲ್ಲ. ತಿಂಗಳ ಸಂಬಳದ ಎಂಟನೆಯ ಒಂದು ಪಾಲು. ಆದರೆ ಇನ್ನೊಂದು ಮಾತನ್ನೂ ನೋಡಬೇಕು. ವರ್ಷಗಟ್ಟಲೆ ಸಾವಿರಾರು ಚೆಂಡುಗಳನ್ನು ಎಸೆದ ಈ ಹುಡುಗನ ಕೈಗೆ ಆ ಸಾಹೇಬರು ಒಮ್ಮೆಯೂ ದಾಂಡು ಕೊಡಲಿಲ್ಲ. ದಾಂಡು ಬೀಸುವುದು ದೊರೆಗಳ ಹಕ್ಕು, ಚೆಂಡು ಎಸೆಯುವುದು ಆಳಿನ ಕೆಲಸ. ಇಂಗ್ಲೆಂಡಿನಲ್ಲಿಯೂ ಪದ್ಧತಿ ಅದೇ ಆಗಿತ್ತು. ಹಣಕ್ಕಾಗಿ ಆಡದವರು 'ಜಂಟಲ್‌ಮನ್', ಹಣ ಪಡೆದು ಆಡುವವರು ಬರೀ 'ಪ್ಲೇಯರ್'. 1962ರ ತನಕ ಅಲ್ಲಿ ಆ ಭೇದ ನಡೆಯಿತು. ನಮ್ಮಲ್ಲಿ ಆ ವರ್ಗಭೇದದ ಮೇಲೆ ಜಾತಿಯ ಹೊದಿಕೆಯನ್ನೂ ಹೊದಿಸಿದ್ದರು.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಕೈ ಅಸ್ಪೃಶ್ಯನದು. ಸೇರಿಸಬೇಕೋ ಬೇಡವೋ ಎಂದು ವಾದ ನಡೆಯಿತು. ತಂಡದ ತೆಲುಗು ಸದಸ್ಯರು ಬೇಕೆಂದರು, ಮರಾಠಿ ಬ್ರಾಹ್ಮಣರು ಹಿಂಜರಿದರು. ಬಾಳೂನನ್ನು ಬಿಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆಂದು ಗ್ರೆಗ್ ಪತ್ರಿಕೆಯಲ್ಲಿ ಹೇಳಿದ. ಕೊನೆಗೆ ಒಂದು ಒಪ್ಪಂದವಾಯಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟಬಹುದು. ಚಹಾ ಹೊತ್ತಿಗೆ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು. ಬಾಳೂಗೆ ಮಂಟಪದ ಹೊರಗೆ, ಕುಡಿದು ಒಡೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಬೇಕೆಂದರೆ ನೀರು ಕೊಡಲು ಇನ್ನೊಬ್ಬ ಅಸ್ಪೃಶ್ಯ ಆಳು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ.

ಯೋಚನೆ ಮಾಡಿರಿ. ಬಾಳೂ ಉಗುಳು ಹಚ್ಚಿ ಒರೆಸಿ ಎಸೆದ ಚೆಂಡನ್ನು ಹಿಡಿದು ಕುಣಿದವರು, ಐದು ನಿಮಿಷದ ಮೇಲೆ ಆತನ ತುಟಿ ತಾಗಿದ ಕಪ್ಪಿಗೆ ಮೈಲಿಗೆ ಅಂದರು. ನಮ್ಮ ಹಳ್ಳಿಗಳ ಚಹಾದಂಗಡಿಯಲ್ಲಿ ಬೇರೆ ಬಸಿ ಕಪ್ಪು ಇಟ್ಟದ್ದನ್ನು ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಾಳೂ ಮಾತಿನಿಂದ ಉತ್ತರ ಕೊಡಲಿಲ್ಲ. ಸಾತಾರಾದ ಯುರೋಪಿಯನ್ನರ ಜಿಮಖಾನಾದ ವಿರುದ್ಧ 7 ವಿಕೆಟ್ ಕಿತ್ತರು. ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೇಕೆ ಬಾರದು ಎಂಬ ಪ್ರಶ್ನೆಯನ್ನು ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿ ಎತ್ತಿದರು. ಹೀಗೆ ಒಂದು ಚೆಂಡು ಪುಣೆಯ ಸನಾತನಿಗಳ ಪಂಕ್ತಿಭೋಜನದ ನಡುವೆ ಹೋಗಿ ಬಿತ್ತು.

1896ರಲ್ಲಿ ಪ್ಲೇಗು ಬಂತು. ಬಾಳೂ ಮುಂಬಯಿಗೆ ಹೋದರು. ಅಲ್ಲಿ ರೈಲ್ವೆಯಲ್ಲಿ ಕೆಲಸ, ಹಿಂದೂ ಜಿಮಖಾನಾದಲ್ಲಿ ಆಟ. ಅಲ್ಲಿಯೂ ಮೊದಲು ಕೆಲವರು ಮೂಗು ಮುರಿದರು. ತಮ್ಮ ಶಿವರಾಮನೂ ಬಂದು ಸೇರಿಕೊಂಡ. 1906ರ ಫೆಬ್ರುವರಿಯಲ್ಲಿ ಹಿಂದೂಗಳ ತಂಡ ಮುಂಬಯಿಯಲ್ಲಿ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಬಂಗಾಲದ ವಿಭಜನೆಯ ವಿರುದ್ಧ ದೇಶವೆಲ್ಲ ಕುದಿಯುತ್ತಿದ್ದ ದಿನಗಳವು. ಗೆಲುವನ್ನು ಜನ ರಾಷ್ಟ್ರದ ಗೆಲುವೆಂದರು. ಜಾತಿಯ ಕಟ್ಟು ಸಡಿಲಿಸಿದ್ದರಿಂದಲೇ ಈ ಗೆಲುವು ಬಂತೆಂದು 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆ ಹೊಗಳಿ ಬರೆಯಿತು.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಕಪ್ತಾನ ಪಟಿಯಾಲಾದ ಮಹಾರಾಜ. ಆತನ ಹೆಚ್ಚಿನ ಹೊತ್ತು ಅರಮನೆ, ಔತಣ, ಹೊಸ ಚಕ್ರವರ್ತಿಯ ಪಟ್ಟಾಭಿಷೇಕದಲ್ಲಿ ಕಳೆಯಿತು. ತಂಡ 23 ಪಂದ್ಯಗಳಲ್ಲಿ 6 ಗೆದ್ದು 15 ಸೋತಿತು. ಆ ಸೋಲಿನ ರಾಶಿಯ ನಡುವೆ ನಿಂತು ಬಾಳೂ 114 ವಿಕೆಟ್ ತೆಗೆದರು. ಲೆಸ್ಟರ್‌ಶೈರ್ ಎಂಬ ಜಿಲ್ಲಾ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 11. ಆಗ ಅವರ ವಯಸ್ಸು 35, ಎಸೆಯುವ ಭುಜದಲ್ಲಿ ನೋವು ಬೇರೆ. ಮಹಾರಾಜ ಮೇಜವಾನಿ ಉಂಡ, ಸಮಗಾರ ಚೆಂಡು ಎಸೆದ.

ಈಗ ದಾಖಲೆಯ ಪುಸ್ತಕವನ್ನು ತೆರೆಯೋಣ. ಅದರಲ್ಲಿ ಬಾಳೂ ಆಡಿದ ಪ್ರಥಮ ದರ್ಜೆ ಪಂದ್ಯಗಳು 33 ಮಾತ್ರ. ವಿಕೆಟ್ 179. ಒಂದೊಂದು ವಿಕೆಟ್ಟಿಗೆ ಕೊಟ್ಟ ಓಟ ಸರಾಸರಿ 15.21. ಆ 179ರಲ್ಲಿ 75 ಬಂದದ್ದು 1911ರ ಒಂದೇ ಬೇಸಿಗೆಯಲ್ಲಿ, ಇಂಗ್ಲೆಂಡಿನ ನೆಲದಲ್ಲಿ. ಲೆಕ್ಕ ಶುರುವಾಗುವುದೇ 1905–06ರಿಂದ, ಅಂದರೆ ಅವರಿಗೆ 30 ತುಂಬುವ ಹೊತ್ತಿಗೆ. ಮುಗಿಯುವುದು 1920–21ಕ್ಕೆ. ಓದಿದವರು ಏನಂದಾರು? "ಒಳ್ಳೆಯ ಆಟಗಾರ, ಆದರೆ ಸಣ್ಣ ಆಟದ ಬದುಕು" ಅಂದಾರು. ನಾವು ಕೇಳುವುದಿಷ್ಟೇ: 16ರಿಂದ 30ರವರೆಗೆ ಎಸೆದ ಚೆಂಡುಗಳು ಎಲ್ಲಿ ಹೋದವು? ಕೈಯಲ್ಲಿ ಕಸುವು ತುಂಬಿ ತುಳುಕುತ್ತಿದ್ದ ವಯಸ್ಸಿನಲ್ಲಿ, ನಾಲ್ಕು ರೂಪಾಯಿ ಸಂಬಳಕ್ಕೆ ಬಲೆಯ ಮುಂದೆ ಎಸೆದ ಚೆಂಡುಗಳನ್ನು ಯಾವ ಗುಮಾಸ್ತ ಬರೆದುಕೊಂಡ? ಬದುಕು ಸಣ್ಣದಾಗಿರಲಿಲ್ಲ, ಲೆಕ್ಕ ಬರೆದವರ ಪುಸ್ತಕ ಸಣ್ಣದಾಗಿತ್ತು. ನಮ್ಮ ಅಜ್ಜಂದಿರು ಜೀತ ಮಾಡಿದ ವರ್ಷಗಳನ್ನು ಯಾವ ಉತಾರೆಯಲ್ಲಿ ಬರೆದಿದ್ದಾರೆ ಹೇಳಿರಿ?

ಇಂಥ ಸಣ್ಣ ಲೆಕ್ಕಗಳು ಬೇರೆ ದೇಶದಲ್ಲೂ ಇವೆ. ಅಮೇರಿಕಾದಲ್ಲಿ ಬೇಸ್‌ಬಾಲ್ ಎಂಬ ದಾಂಡು ಚೆಂಡಿನ ಆಟವಿದೆ. 1884ರಲ್ಲಿ ಟೊಲೆಡೊ ಊರಿನ ವೃತ್ತಿಪರ ತಂಡದಲ್ಲಿ ಇಬ್ಬರು ಕರಿಯ ಅಣ್ಣತಮ್ಮಂದಿರು ಆಡಿದರು. ಅಣ್ಣ ಮೋಸೆಸ್ ಫ್ಲೀಟ್‌ವುಡ್ ವಾಕರ್, ತಮ್ಮ ವೆಲ್ಡಿ ವಾಕರ್. ಅಣ್ಣನಿಗೆ ಸಿಕ್ಕದ್ದು 42 ಪಂದ್ಯ. ತಮ್ಮ ವೆಲ್ಡಿ ಮೈದಾನದ ಅಂಚಿನಲ್ಲಿ ನಿಂತು ಚೆಂಡು ಕಾಯುವ ಆಟಗಾರ, ನಾವು ಬದುವಿನ ಹತ್ತಿರ ನಿಲ್ಲುತ್ತಿದ್ದೆವಲ್ಲ, ಹಾಗೆ. ಆ ದೊಡ್ಡ ಲೀಗಿನಲ್ಲಿ ಆತನಿಗೆ ಸಿಕ್ಕದ್ದು ಐದಾರೇ ಪಂದ್ಯ. ಅಷ್ಟಕ್ಕೆ ಬಾಗಿಲು ಮುಚ್ಚಿತು. ಕರಿಯರನ್ನು ಸೇರಿಸಬಾರದೆಂದು ಬಿಳಿಯ ಮಾಲೀಕರು ತಮ್ಮತಮ್ಮೊಳಗೇ ಮಾತಾಡಿಕೊಂಡರು. ಕಾಯಿದೆಯಲ್ಲಿ ಬರೆಯಬೇಕಾಗಿಯೂ ಬರಲಿಲ್ಲ. ವೆಲ್ಡಿ ಸುಮ್ಮನೆ ಕೂರಲಿಲ್ಲ. 1888ರಲ್ಲಿ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು, ಮೈಬಣ್ಣ ನೋಡಿ ತಳ್ಳುವುದು ಯಾವ ನ್ಯಾಯವೆಂದು ಕೇಳಿದ. ಆ ಬಾಗಿಲನ್ನು ಜಾಕಿ ರಾಬಿನ್ಸನ್ ಎಂಬ ಇನ್ನೊಬ್ಬ ಕರಿಯ ತೆರೆದದ್ದು 1947ರಲ್ಲಿ. ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. ಆ ಅರವತ್ತು ವರ್ಷಗಳಲ್ಲಿ ಹುಟ್ಟಿ ಸತ್ತ ಆಟಗಾರರ ಲೆಕ್ಕ ಯಾರ ಹತ್ತಿರ ಇದೆ?

ನಮ್ಮಲ್ಲಿ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅರ್ಧ ತೆರೆದು, ಹೊಸ್ತಿಲ ಹೊರಗೆ ನಿಲ್ಲಿಸಿದರು. ಬಾಳೂ ಇಲ್ಲದೆ ಗೆಲ್ಲಲಾರರು, ಆದರೆ ಬಾಳೂ ಕಪ್ತಾನನಾಗಬಾರದು. 1910ರಿಂದ 1920ರವರೆಗೆ ಪ್ರತಿ ಸಲ ಆತನನ್ನು ನಾಯಕನನ್ನಾಗಿ ಮಾಡಿರೆಂದು ಅಭಿಮಾನಿಗಳು ಕೇಳಿದರು. ಪ್ರತಿ ಸಲವೂ ಒಬ್ಬ ಬ್ರಾಹ್ಮಣ ನಾಯಕನಾದ. 1913ರಲ್ಲಿ ನಾಯಕರಾಗಿದ್ದ ಎಂ.ಡಿ. ಪೈ ಅವರೇ, ಈ ಗೌರವ ತನಗಿಂತ ಹಿರಿಯರಾದ ಬಾಳೂಗೆ ಸಲ್ಲಬೇಕಾಗಿತ್ತೆಂದು ಸಭೆಯಲ್ಲಿ ಹೇಳಿದರು. ಪೈ ಅವರ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಬಾಳೂ ಅವರ ತಲೆಯ ಮೇಲೆ ಪೇಟ ಬರಲಿಲ್ಲ.

1920ಕ್ಕೆ ಬರೋಣ. ನಮ್ಮ ಸೀಮೆಯಲ್ಲಿಯೂ ನೆಲ ಅದುರಿದ ವರ್ಷ ಅದು. ಜನವರಿಯಲ್ಲಿ 'ಮೂಕನಾಯಕ' ಹೊರಟಿತು. ಮಾರ್ಚ್‌ನಲ್ಲಿ ನಿಪ್ಪಾಣಿಗೆ ದೂರವಲ್ಲದ ಮಾಣಗಾವಿಯ ಪರಿಷತ್ತಿನಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆಂದು ತರುಣ ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿದರು. ರಾಯಬಾಗ ಆಗ ಶಾಹೂ ಮಹಾರಾಜರ ಸಂಸ್ಥಾನದೊಳಗೇ ಇತ್ತು. ಅದೇ ವರ್ಷದ ಪಂದ್ಯಾವಳಿಯಲ್ಲಿ ಪೈ ಅವರಿಗೆ ಆರೋಗ್ಯ ಸರಿಯಿರಲಿಲ್ಲ. ನಾಯಕತ್ವ ಕಿರಿಯ ಬ್ರಾಹ್ಮಣ ಆಟಗಾರನಿಗೆ ಹೋಯಿತು. ಬಾಳೂ ಅವರನ್ನು ತಂಡದಿಂದಲೇ ಬಿಟ್ಟರು. ಆಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಹೇಳಿಕೆ ಕೊಟ್ಟು ಆಟದಿಂದ ಹೊರಗೆ ಬಂದರು. ಗೆಳೆಯರೇ, ಇದನ್ನು ಬಂಡಾಯ ಅನ್ನದೆ ಬೇರೇನನ್ನಬೇಕು? ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ಇಬ್ಬರು ಅಣ್ಣತಮ್ಮಂದಿರು "ಆಡೂದಿಲ್ಲ" ಎಂದರು, ಅಷ್ಟೇ. ಜನರ ಕೂಗಿಗೆ ಆಯ್ಕೆಗಾರರು ಬಾಗಬೇಕಾಯಿತು. ಕೊನೆಯ ಪಂದ್ಯಕ್ಕೆ ಮೂವರೂ ಬಂದರು. ಬಾಳೂ ಉಪನಾಯಕ. ಪೈ ಬೇಕೆಂದೇ ಮೈದಾನ ಬಿಟ್ಟು ಹೋಗಿ ಸ್ವಲ್ಪ ಹೊತ್ತು ಬಾಳೂ ತಂಡ ನಡೆಸುವಂತೆ ಮಾಡಿದರು. ಒಂದು ಜೀವಮಾನದ ಆಟಕ್ಕೆ ಕೆಲವು ಗಳಿಗೆಯ ನಾಯಕತ್ವ!

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾದ. ತಂಡ ಗೆದ್ದಿತು. ಮೇಲ್ಜಾತಿಯವರೇ ಆತನನ್ನು ಹೆಗಲ ಮೇಲೆ ಹೊತ್ತು ತಂದರು. ಅಣ್ಣ ಕಟ್ಟಿದ ಗೋಡೆಯ ಮೇಲೆ ತಮ್ಮ ನಿಂತ. ಆ ಹೆಗಲುಗಳನ್ನು ನಾವು ಅನುಮಾನದಿಂದ ಮಾತ್ರ ನೋಡುವುದಿಲ್ಲ, ಆ ದಿನ ನಿಜವಾಗಿಯೂ ಏನೋ ಅಲುಗಿತು. ಆದರೆ ಆ ಹೆಗಲುಗಳು ಮನೆಗೆ ಹೋಗಿ ಸ್ನಾನ ಮಾಡಿದವೋ ಇಲ್ಲವೋ ಎಂಬ ಪ್ರಶ್ನೆಯೂ ನಮ್ಮದೇ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಸುಖವಾಗಿತ್ತು. ನಮ್ಮ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಮುಂದಿದೆ.

1911ರಲ್ಲಿ ಇಂಗ್ಲೆಂಡಿನಿಂದ ಮರಳಿದ ಬಾಳೂ ಅವರನ್ನು ಮುಂಬಯಿಯ ದಲಿತರು ಸನ್ಮಾನಿಸಿದರು. ಆ ಮಾನಪತ್ರ ಬರೆದವರು ಇಪ್ಪತ್ತು ವರ್ಷದ ಭೀಮರಾವ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಬಾಬಾಸಾಹೇಬರಿಗೆ ಆಗ ಬಾಳೂ ಕಣ್ಮುಂದಿನ ಹೀರೋ. ಮುಂದೆ ದಾರಿ ಕವಲೊಡೆಯಿತು. 1925ರಲ್ಲಿ ನಮ್ಮ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆದಾಗ ಬಾಬಾಸಾಹೇಬರು ಇಲ್ಲಿಗೆ ಬಂದು ಮಾತಾಡಿದರು. ಮನೆ ಮನೆಯ ಕರುಣೆ ಬೇಡ, ನಮ್ಮ ಸಂಘಟನೆ ನಮ್ಮದು ಎಂಬ ದಾರಿ ಹಿಡಿದರು. ಬಾಳೂ ಗಾಂಧಿಯವರ ದಾರಿ ಹಿಡಿದರು. 1932ರ ಪುಣೆ ಒಪ್ಪಂದದ ಕಾಗದದಲ್ಲಿ ಇಬ್ಬರ ಸಹಿಯೂ ಇದೆ. ಒಬ್ಬರದು ಪ್ರತ್ಯೇಕ ಮತದಾನದ ಹಕ್ಕನ್ನು ಬಿಟ್ಟುಕೊಟ್ಟ ನೋವಿನ ಸಹಿ, ಇನ್ನೊಬ್ಬರದು ಜಂಟಿ ಮತದಾನವನ್ನು ಒಪ್ಪಿದ ನಂಬಿಕೆಯ ಸಹಿ. 1935ರಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದಾಗ ಬಾಳೂ ಅದನ್ನು ಒಪ್ಪಲಿಲ್ಲ. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಬಾಬಾಸಾಹೇಬರ ಎದುರು ನಿಲ್ಲಿಸಿದ್ದು ಬಾಳೂ ಅವರನ್ನೇ. ಬಾಬಾಸಾಹೇಬರಿಗೆ 13,245 ಮತ, ಬಾಳೂ ಅವರಿಗೆ 11,225.

ಬಾಳೂ ಅವರ ಹೆಸರು ನಮ್ಮ ಕೇರಿಗಳಿಗೆ ತಲುಪದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ನಾವು ತಿಳಿದಿದ್ದೇವೆ. ಕಪ್ತಾನ ಪದವಿ ಕೊಡದವರು ಅವರನ್ನು ಮರೆತರು. ಬಾಬಾಸಾಹೇಬರ ಎದುರು ನಿಂತರೆಂದು ನಾವೂ ಮರೆತೆವು. ಬಾಳೂ ತಪ್ಪು ದಾರಿ ಹಿಡಿದರೆಂಬುದೇ ನಮ್ಮ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷ ನಾಯಕತ್ವವನ್ನು ತಡೆಹಿಡಿದ ಸಮಾಜವೇ ಕೊನೆಗೆ ಆತನನ್ನು ನಮ್ಮ ನಾಯಕನ ಎದುರಿಗೆ ದಾಳವಾಗಿ ಉರುಳಿಸಿತು. ಆದರೆ ಒಡೆಯುವ ಕುಡಿಕೆಯಲ್ಲಿ ಚಹಾ ಕುಡಿದವನು, ಕೊನೆಗೊಮ್ಮೆ ಪಿಂಗಾಣಿ ಕಪ್ಪು ಕೈಗೆ ಬಂದಾಗ ಆ ಮನೆಯನ್ನು ನಂಬಿದ್ದರೆ, ಅವನ ನಂಬಿಕೆಯನ್ನು ನಾವು ದ್ರೋಹ ಎಂದು ಕರೆಯಲಾರೆವು. ಅವರು ಇದ್ದ ತಂಡದೊಳಗೆ ಜಾಗ ಕೇಳಿದರು. ಬಾಬಾಸಾಹೇಬರು ಆಟದ ನಿಯಮವನ್ನೇ ಪ್ರಶ್ನಿಸಿದರು. ಎರಡನ್ನೂ ಅರಿಯದೆ ನಮ್ಮ ಇತಿಹಾಸ ಪೂರ್ತಿಯಾಗುವುದಿಲ್ಲ. ನಮ್ಮವರ ಸೋಲು, ತಪ್ಪುಗಳನ್ನೂ ನಾವೇ ಬರೆಯದಿದ್ದರೆ ಇನ್ನು ಯಾರು ಬರೆಯಬೇಕು?

ಬಾಳೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮದೀಕ್ಷೆ ಪಡೆದರು. ಬಾಳೂ ಅದನ್ನು ನೋಡಲಿಲ್ಲ.

ಕೊನೆಗೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳ್ಳಿಶಾಲೆಗಳಲ್ಲಿ ಕಲಿಸುವ ನಮ್ಮ ಗುರುಗಳಿಗೆ ಒಂದು ಮಾತು. ನಾವು ಪುತ್ಥಳಿ ಕೇಳುವುದಿಲ್ಲ, ಜಯಂತಿಯ ಹಾರ ತುರಾಯಿ ಕೇಳುವುದಿಲ್ಲ. ಆಟದ ಪಿರಿಯಡ್ ಬಂದಾಗ ಗಂಟೆ ಬಾರಿಸಿ ಆಫೀಸಿನೊಳಗೆ ಹೋಗಿ ಕೂಡಬೇಡಿರಿ. ಮೈದಾನಕ್ಕೆ ಬಂದು ನಿಂತು ನೋಡಿರಿ. ದಾಂಡು ಯಾರ ಕೈಯಲ್ಲಿದೆ? ಚೆಂಡು ತರಲು ಓಡುತ್ತಿರುವವರು ಯಾರು? ಹುಡುಗಿಯರು ಎಲ್ಲಿ ನಿಂತಿದ್ದಾರೆ? ದೂರದ ಬದುವಿನ ಹತ್ತಿರ ಸಂಜೆಯ ತನಕ ನಿಂತೇ ಇರುವ ಆ ಹುಡುಗನನ್ನು ಹೆಸರು ಹಿಡಿದು ಕರೆಯಿರಿ. "ಬಾರಪ್ಪಾ, ಈಗ ನಿನ್ನ ಪಾಳಿ" ಅನ್ನಿರಿ. ಅಷ್ಟಾದರೂ ಬರೆಯದೆ ಉಳಿದ ಲೆಕ್ಕದಲ್ಲಿ ಒಂದು ಗೆರೆ ಬಿದ್ದೀತು.